ಇಪ್ಪತ್ತು ಬೈಟಿನ ಕೆಳಗೆ ಉಳಿದಿದ್ದ ಪಟ್ಟಿ

ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಕೋಲದ ಬ್ಯಾನರು, ಹೊಟ್ಟೆಪಾಡು ಇದರಲ್ಲಿ. ಸಂಬಳವಿಲ್ಲದ ಕೆಲಸವೂ ಒಂದುಂಟು: ಊರ ವಾಚನಾಲಯದ ವೆಬ್‌ಸೈಟು. ಹನ್ನೆರಡು ವರ್ಷದ ಹಿಂದೆ ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದ್ದು. ತಾಳಮದ್ದಳೆಯ ಧ್ವನಿಮುದ್ರಣ, ಹಳೆ ಸ್ಮರಣ ಸಂಚಿಕೆಗಳ ಸ್ಕ್ಯಾನು, ನಿವೃತ್ತ ಮಾಷ್ಟ್ರೊಬ್ಬರು ಬೆನ್ನು ಹತ್ತಿ ಬರೆಸಿದ ಲೇಖನಗಳು ಅದರಲ್ಲಿವೆ. ಹೆಚ್ಚು ಜನ ನೋಡುವುದು ಮಾತ್ರ ಒಂದೇ ಪುಟ. ನಮ್ಮ ಸೀಮೆಯ ಭಾಗವತರು, ಅರ್ಥಧಾರಿಗಳು, ವೇಷಧಾರಿಗಳ ಪಟ್ಟಿ. ಮುನ್ನೂರು ಚಿಲ್ಲರೆ ಹೆಸರು, ಊರು, ಮೇಳ, ತಿರುಗಾಟದ ವರ್ಷ. ಮಾಷ್ಟ್ರು ಮನೆಮನೆಗೆ ಹೋಗಿ ಕೇಳಿ ಬರೆದದ್ದು.

ಈ ಸೈಟಿನ ಬ್ಯಾಕಪ್ಪನ್ನು ಹಳೆ ಪ್ರತಿಗಳನ್ನೂ ಉಳಿಸಿಕೊಳ್ಳುವ ಕ್ಲೌಡ್ ಸ್ಟೋರೇಜಿನ ವರ್ಷನಿಂಗ್‌ಗೆ ಹಾಕಿದ ಕತೆ ಇದು. ಕಟ್ಟಿದ್ದು, ಕೆಟ್ಟದ್ದು, ಮತ್ತೆ ಸರಿ ಮಾಡಿದ್ದು ಎಲ್ಲ ಉಂಟು.

ಕೈ ಹಾಕಿದ ಕಾರಣ ಮೊದಲು. ಎರಡು ವರ್ಷದ ಹಿಂದೆ ಡೇಟಾಬೇಸ್ ಹಗುರ ಮಾಡುವ ಪ್ಲಗಿನ್ ಒಂದನ್ನು ಹಾಕಿದೆ. ಅದರಲ್ಲಿ ‘ಕಾಣದ ಅಕ್ಷರಗಳನ್ನು ತೆಗೆ’ ಎಂಬರ್ಥದ ಒಂದು ಟಿಕ್ ಇತ್ತು. ಕಾಣದ್ದು ಇದ್ದರೆಷ್ಟು, ಹೋದರೆಷ್ಟು ಅಂತ ಒತ್ತಿಬಿಟ್ಟೆ. ಬೆಳಗ್ಗಿನಿಂದ ಸಂಜೆವರೆಗೆ ಕನ್ನಡ ಟೈಪ್ ಮಾಡಿ ಬದುಕುವವನಿಗೆ ಕನ್ನಡದಲ್ಲಿ ಕಾಣದ ಅಕ್ಷರಕ್ಕೂ ಕೆಲಸ ಉಂಟೆಂಬುದು ಆ ಕ್ಷಣಕ್ಕೆ ಹೊಳೆಯಲಿಲ್ಲ. ‘ಆಫೀಸ್‌ನಲ್ಲಿ’ ಎಂದು ಬರೆದಾಗ ಅರ್ಧ ಸಕಾರಕ್ಕೂ ನಕಾರಕ್ಕೂ ನಡುವೆ ಶೂನ್ಯ ಅಗಲದ ಗುರುತೊಂದು ಕೂತಿರುತ್ತದೆ. ಅದನ್ನು ಕಿತ್ತರೆ ನಕಾರ ಒತ್ತಾಗಿ ಕೆಳಗಿಳಿದು ‘ಆಫೀಸ್ನಲ್ಲಿ’ ಆಗುತ್ತದೆ. ‘ಬ್ಯಾಂಕ್‌ನವರು’ ‘ಬ್ಯಾಂಕ್ನವರು’ ಆದರು. ‘ರ‍್ಯಾಲಿ’ ‘ರ್ಯಾಲಿ’ ಆಯಿತು. ಸೈಟಿನ ಹಳೆ ಮಲಯಾಳ ನೋಟೀಸುಗಳ ಗತಿ ಇನ್ನೂ ಕಷ್ಟ. 2008ರ ಯೂನಿಕೋಡ್ 5.1ಕ್ಕೆ ಮೊದಲು ಮಲಯಾಳದ ಚಿಲ್ಲಕ್ಷರಗಳಿಗೆ (ಸ್ವರವಿಲ್ಲದ ವ್ಯಂಜನದ ವಿಶೇಷ ರೂಪ) ಸ್ವಂತ ಸಂಕೇತ ಇರಲಿಲ್ಲ. ವ್ಯಂಜನ, ಚಂದ್ರಕ್ಕಲ (ಅರ್ಧಾಕ್ಷರದ ಗುರುತು), ಕೂಡಿಸುವ ಕಾಣದ ಗುರುತು, ಈ ಮೂರು ಸೇರಿದರೆ ಚಿಲ್ಲು. ಹಳೆ ಕೀಬೋರ್ಡಿನಲ್ಲಿ ಹೊಡೆದದ್ದೆಲ್ಲ ಹಾಗೆಯೇ ಉಳಿದಿತ್ತು. ಗುರುತು ಹೋದದ್ದೇ ತಡ, ಚಿಲ್ಲುಗಳೆಲ್ಲ ಬಿಚ್ಚಿಕೊಂಡು ತಲೆ ಮೇಲೆ ಚಂದ್ರಕ್ಕಲ ಹೊತ್ತು ನಿಂತವು.

ಗೊತ್ತಾದದ್ದು ಹದಿನೇಳು ದಿನ ಕಳೆದ ಮೇಲೆ, ಮಾಷ್ಟ್ರ ಫೋನಿನಿಂದ.

“ಎಂತ ಮಾರಾಯ, ನಮ್ಮ ಸೈಟಿಗೆ ತೊದಲು ಬಂತಾ?”

ಇದನ್ನು ಯಂತ್ರದಿಂದ ವಾಪಸ್ ಮಾಡಿಸಲಿಕ್ಕೆ ಆಗುವುದಿಲ್ಲ. ಗುರುತು ಎಲ್ಲೆಲ್ಲಿ ಇತ್ತೆಂಬ ಸುಳಿವೇ ಉಳಿದಿಲ್ಲವಲ್ಲ. ‘ಆಫೀಸ್ನಲ್ಲಿ’ಯ ಸ್ನ ತಪ್ಪು, ‘ಸ್ನಾನ’ದ ಸ್ನ ಸರಿ ಅಂತ ಅದಕ್ಕೆ ಯಾರು ಹೇಳಬೇಕು? ಬ್ಯಾಕಪ್ ಇರಲಿಲ್ಲ ಅಂತಲ್ಲ, ಎರಡು ಕಡೆ ಇತ್ತು. ಹೋಸ್ಟಿಂಗ್‌ನವರದು ಏಳು ದಿನದ್ದು. ನನ್ನದು ವಾರಕ್ಕೊಮ್ಮೆ ಪೆನ್‌ಡ್ರೈವಿಗೆ ಇಳಿಸುವ ಝಿಪ್, ಅದೇ ಹೆಸರಿನ ಮೇಲೆ ಅದೇ ಹೆಸರು. ಹದಿನೇಳು ದಿನದಲ್ಲಿ ಎರಡೂ ತಪ್ಪನ್ನೇ ನುಂಗಿ ಕೂತಿದ್ದವು. ಮೇಜಿನ ಡ್ರಾಯರಿನಲ್ಲಿ ನಾಲ್ಕು ತಿಂಗಳ ಹಿಂದಿನದೊಂದು ಸಿಕ್ಕಿತು. ಅದರಿಂದಾಚೆಯ ಲೇಖನಗಳನ್ನು ಕೂತು ಕೈಯಲ್ಲೇ ತಿದ್ದಿದೆ. ಎರಡು ವಾರ ಹಿಡಿಯಿತು.

ಬೇಕಾದದ್ದು ಇನ್ನೊಂದು ಪ್ರತಿ ಅಲ್ಲ, ಹಿಂದಿನ ಪ್ರತಿಗಳು ಅಂತ ಆಗ ತಲೆಗೆ ಹೋಯಿತು.

ಕಟ್ಟಿದ ಬಗೆ

ತಾರೀಕು ಸೇರಿಸಿ ದಿನಕ್ಕೊಂದು ಝಿಪ್ ಇಡಬಹುದಿತ್ತು. ಹಾಗೆ ಇಟ್ಟರೆ ಹಳೆಯದನ್ನು ಅಳಿಸುವ ಸ್ಕ್ರಿಪ್ಟನ್ನೂ ನಾನೇ ಬರೆಯಬೇಕು. ನಾನು ಬರೆದ ಅಳಿಸುವ ಸ್ಕ್ರಿಪ್ಟಿನ ಮೇಲೆ ನನಗೇ ಭರವಸೆ ಇಲ್ಲ. ವರ್ಷನಿಂಗ್‌ನಲ್ಲಿ ಫೈಲಿನ ಹೆಸರು ಒಂದೇ. ಹೊಸದನ್ನು ಕಳಿಸಿದರೆ ಹಳೆಯದರ ಮೇಲೆ ಬರೆಯುವುದಿಲ್ಲ, ಹಳೆಯದು ಕೆಳಗೆ ಸರಿದು ಕೂತಿರುತ್ತದೆ, ಪ್ರತಿಯೊಂದಕ್ಕೂ ತನ್ನ ಗುರುತಿನ ಸಂಖ್ಯೆ. ಅಳಿಸಿದರೂ ನಿಜವಾಗಿ ಅಳಿಯುವುದಿಲ್ಲ. ಬಾಗಿಲಿಗೆ ‘ಇಲ್ಲಿ ಯಾರೂ ಇಲ್ಲ’ ಎಂದು ಚೀಟಿ ಅಂಟಿಸಿದ ಹಾಗೆ ಒಂದು ಡಿಲೀಟ್ ಮಾರ್ಕರ್ ಮೇಲೆ ಬರುತ್ತದೆ, ಅಷ್ಟೆ. ಚೀಟಿ ಕಿತ್ತರೆ ಒಳಗಿದ್ದವರು ಇದ್ದಲ್ಲೇ ಇರುತ್ತಾರೆ.

ಗೂಗಲ್ ಕ್ಲೌಡ್‌ನಲ್ಲೂ ಇದುಂಟು, ಅಲ್ಲಿ ಜನರೇಶನ್ ನಂಬರ್ ಅನ್ನುತ್ತಾರೆ. ಬ್ಯಾಕ್‌ಬ್ಲೇಝ್ ಬಿ2ನಲ್ಲಿ ಹೇಳದೆಯೇ ಎಲ್ಲ ವರ್ಷನ್ ಉಳಿಯುತ್ತದೆ. ನಾನು ಹಿಡಿದದ್ದು ಅಮೆಜಾನ್ ಎಸ್3. ಅದರಲ್ಲಿ ವರ್ಷನಿಂಗ್ 2010ರಿಂದ ಇದೆ, 2016ರಿಂದ ಮುಂಬಯಿಯಲ್ಲೇ ಅವರ ಕೇಂದ್ರವೂ ಇದೆ. ದೊಡ್ಡ ಲೆಕ್ಕಾಚಾರ ಹಾಕಿ ಆರಿಸಿದ್ದಲ್ಲ. ಗೊತ್ತಿದ್ದದ್ದು ಅದೊಂದೇ.

ಬಕೆಟ್, ಅಂದರೆ ಎಸ್3ಯಲ್ಲಿ ಫೈಲು ಇಡುವ ಜಾಗ, ಮಾಡಿ ವರ್ಷನಿಂಗ್ ಚಾಲೂ ಮಾಡಿದೆ. ಒಮ್ಮೆ ಚಾಲೂ ಮಾಡಿದ ಬಕೆಟ್ ಮತ್ತೆ ಹಿಂದಿನ ಸ್ಥಿತಿಗೆ ಹೋಗುವುದಿಲ್ಲ, ತಾತ್ಕಾಲಿಕವಾಗಿ ನಿಲ್ಲಿಸಬಹುದು ಮಾತ್ರ. ಚಾಲೂ ಮಾಡಿ ಹದಿನೈದು ನಿಮಿಷ ಏನನ್ನೂ ಬರೆಯಬೇಡಿ ಎಂದು ಅವರ ಕೈಪಿಡಿಯೇ ಹೇಳುತ್ತದೆ. ಎದುರಿನ ಹೋಟೆಲಿಗೆ ಹೋಗಿ ಚಾ ಕುಡಿದು ಬಂದೆ.

ಮುಂದಿನದು ಅನುಮತಿ. ಇದರಲ್ಲಿ ಅವಸರ ಮಾಡಬಾರದು. ಸೈಟಿನ ಸರ್ವರಿನಲ್ಲಿ ಇಡುವ ಕೀಲಿ ಕಳ್ಳನ ಕೈಗೆ ಸಿಕ್ಕರೂ ಬ್ಯಾಕಪ್ ಉಳಿಯಬೇಕಲ್ಲ. ಎಸ್3ಯಲ್ಲಿ ‘ಅಳಿಸು’ ಒಂದು ಅನುಮತಿ, ‘ಇಂಥದ್ದೇ ವರ್ಷನನ್ನು ಅಳಿಸು’ ಇನ್ನೊಂದು. ಮೊದಲನೆಯದು ಇದ್ದವನು ಚೀಟಿ ಅಂಟಿಸಬಲ್ಲ, ಎರಡನೆಯದು ಇದ್ದವನು ಮಾತ್ರ ಒಳಗಿದ್ದವರನ್ನು ಓಡಿಸಬಲ್ಲ. ಸರ್ವರಿನ ಬಳಕೆದಾರನಿಗೆ ಬರೆಯುವ, ಓದುವ, ಪಟ್ಟಿ ನೋಡುವ, ಚೀಟಿ ಅಂಟಿಸುವ ಹಕ್ಕು ಕೊಟ್ಟೆ. ವರ್ಷನ್ ಅಳಿಸುವುದು, ವರ್ಷನಿಂಗ್ ನಿಲ್ಲಿಸುವುದು, ಅವಧಿಯ ನಿಯಮ ಬದಲಿಸುವುದು ಯಾವುದನ್ನೂ ಕೊಡಲಿಲ್ಲ. ಆ ಕೀಲಿ ನನ್ನ ಹತ್ತಿರ, ಬೇರೆ ಖಾತೆಯಲ್ಲಿ.

ಕಳಿಸುವುದಕ್ಕೆ ಆರ್‌ಕ್ಲೋನ್. ಒಂದೇ ಫೈಲಿನ ಪ್ರೋಗ್ರಾಂ, ಇನ್‌ಸ್ಟಾಲ್ ಮಾಡುವ ರಗಳೆ ಇಲ್ಲ, ಹಲವರು ಒಂದೇ ಸರ್ವರ್ ಬಳಸುವ ಹಂಚಿಕೆ ಹೋಸ್ಟಿಂಗ್‌ನಲ್ಲೂ ಓಡುತ್ತದೆ. ಮೊದಲ ಸಲ ಓಡಿಸಿದಾಗ ಅನುಮತಿ ಇಲ್ಲ ಎಂದು ಮುಖ ತಿರುಗಿಸಿತು. ಅರ್ಧ ದಿನ ತಲೆ ಕೆರೆದ ಮೇಲೆ ಗೊತ್ತಾಯಿತು: ಫೈಲು ಕಳಿಸುವ ಮೊದಲು ಬಕೆಟ್ ಉಂಟೋ ನೋಡಿ, ಇಲ್ಲದಿದ್ದರೆ ಮಾಡಲು ಹೋಗುವುದು ಅದರ ಅಭ್ಯಾಸ. ನಾನು ಆ ಹಕ್ಕು ಕೊಟ್ಟಿಲ್ಲ. ‘ನೋ ಚೆಕ್ ಬಕೆಟ್’ ಎಂಬ ಆಯ್ಕೆ ಹಾಕಿದ ಮೇಲೆ ಹರಿಯಿತು.

ಡೇಟಾಬೇಸನ್ನು ಫೈಲಿಗೆ ಇಳಿಸಲು (ಅದೇ ಡಂಪ್) ಮೈಎಸ್‌ಕ್ಯೂಎಲ್‌ಡಂಪ್. ಅದೂ ಮೊದಲು ಪ್ರೋಸೆಸ್ ಹಕ್ಕು ಇಲ್ಲ ಎಂದು ತಗಾದೆ ತೆಗೆಯಿತು. ಮೈಎಸ್‌ಕ್ಯೂಎಲ್ 5.7.31 ಮತ್ತು 8.0.21ರಿಂದ ಹೀಗೆ. ಹಂಚಿಕೆ ಹೋಸ್ಟಿಂಗ್‌ನಲ್ಲಿ ಆ ಹಕ್ಕು ಯಾರೂ ಕೊಡುವುದಿಲ್ಲ, ‘ನೋ ಟೇಬಲ್‌ಸ್ಪೇಸಸ್’ ಹಾಕಿದರೆ ಸುಮ್ಮನಾಗುತ್ತದೆ.

ಇನ್ನೊಂದು ಉಪಾಯ ಮಾಡಿದೆ, ಆಗ ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡದ್ದು. ಇಡೀ ಡೇಟಾಬೇಸನ್ನು ಒಂದೇ ಫೈಲು ಮಾಡಿದರೆ ದಿನವೂ ಹೊಸ ವರ್ಷನ್ ಆಗುತ್ತದೆ, ಯಾಕೆಂದರೆ ವರ್ಡ್‌ಪ್ರೆಸ್‌ನ ಆಪ್ಶನ್ಸ್ ಟೇಬಲ್ ತನ್ನಷ್ಟಕ್ಕೇ ದಿನವೂ ಏನಾದರೂ ಗೀಚಿಕೊಳ್ಳುತ್ತದೆ. ಅದಕ್ಕೆ ಹನ್ನೆರಡು ಟೇಬಲ್‌ಗೆ ಹನ್ನೆರಡು ಫೈಲು ಮಾಡಿದೆ. ಡಂಪಿನ ಕೊನೆಯ ಸಾಲಿನಲ್ಲಿ ತಾರೀಕು ಬೀಳದ ಹಾಗೆ ‘ಸ್ಕಿಪ್ ಡಂಪ್ ಡೇಟ್’, ಫೈಲು ಕುಗ್ಗಿಸುವ ಜಿಝಿಪ್ ತನ್ನ ತಲೆಬರಹದಲ್ಲಿ ಸಮಯ ಬರೆಯದ ಹಾಗೆ ‘ಎನ್’ ಆಯ್ಕೆ. ಲೇಖನ ಬದಲಾಗದಿದ್ದರೆ ಪೋಸ್ಟ್ಸ್ ಟೇಬಲಿನ ಫೈಲು ಬೈಟಿಗೆ ಬೈಟು ನಿನ್ನೆಯದೇ. ಆರ್‌ಕ್ಲೋನ್ ಚೆಕ್‌ಸಮ್ (ಫೈಲಿನ ಸರಕಿನಿಂದ ಲೆಕ್ಕ ಹಾಕಿದ ಗುರುತು) ನೋಡಿ ಸುಮ್ಮನೆ ದಾಟಿಹೋಗುತ್ತದೆ. ವರ್ಷನ್ ಬಂದಿದೆ ಎಂದರೆ ಯಾರೋ ಬರೆದಿದ್ದಾರೆ ಎಂದೇ ಅರ್ಥ. (ಹನ್ನೆರಡು ಸಲ ಬೇರೆಬೇರೆ ತೆಗೆದರೆ ಟೇಬಲ್‌ಗಳು ಒಂದೇ ಕ್ಷಣದ ಚಿತ್ರವಾಗಿರುವುದಿಲ್ಲ, ಆನ್‌ಲೈನ್ ಅಂಗಡಿಯ ಸೈಟಿಗೆ ಹೀಗೆ ಮಾಡಬೇಡಿ. ರಾತ್ರಿ ಎರಡೂವರೆಗೆ ನಮ್ಮ ಸೈಟಿನಲ್ಲಿ ಬರೆಯುವವರು ಇಲ್ಲ.) ಸರ್ವರಿನ ಗಡಿಯಾರ ಯುಟಿಸಿಯಲ್ಲಿ (ಜಾಗತಿಕ ಸಮಯ, ನಮಗಿಂತ ಐದೂವರೆ ಗಂಟೆ ಹಿಂದೆ) ಇದ್ದದ್ದರಿಂದ, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ನಲ್ಲಿ 21:00 ಎಂದು ಬರೆದೆ. ನಮಗೆ ಅದು ಮರುದಿನ ಬೆಳಗಿನ ಜಾವ 2:30.

ಅವಧಿಯ ನಿಯಮ ಒಂದೇ ಸಾಲು: ಹಳತಾದ ವರ್ಷನ್ 30 ದಿನ ಕಳೆದರೆ ಹೋಗಲಿ. ಯಾಕೆ 30 ಎಂದರೆ ಏನೂ ಕಾರಣ ಇಲ್ಲ. ತಿಂಗಳು ಅಂದರೆ ಸಾಕಷ್ಟು ದೀರ್ಘ ಅನ್ನಿಸಿತು.

ಬಿಲ್ಲು ಮತ್ತು ಮಳೆ

ಫೋಟೋ, ಸ್ಕ್ಯಾನು, ಎಂಪಿ3 ಸೇರಿ ಸೈಟಿನದು 6 ಜಿಬಿ. ಅದರ ಜತೆ ತಾಳಮದ್ದಳೆಯ ಮೂಲ ವೇವ್ ಫೈಲುಗಳು ನನ್ನ ಅಂಗಡಿಯ ಕಂಪ್ಯೂಟರಿನಲ್ಲಿ 14 ಜಿಬಿ ಇದ್ದವು, ಅವನ್ನೂ ಕಳಿಸೋಣ ಅಂತ ಮಾಡಿದೆ. ಎರಡು ಗಂಟೆಯ ಪ್ರಸಂಗ ಎಂದರೆ 1.2 ಜಿಬಿ. ಇಂಥ ದೊಡ್ಡ ಫೈಲನ್ನು ಆರ್‌ಕ್ಲೋನ್ ತುಂಡುತುಂಡು ಮಾಡಿ ಕಳಿಸುತ್ತದೆ. ಎಲ್ಲ ತುಂಡು ತಲುಪಿದ ಮೇಲೆಯೇ ಫೈಲು ಪೂರ್ಣ. ಜೂನಿನ ಮಳೆಯಲ್ಲಿ ನಮ್ಮಲ್ಲಿ ಕರೆಂಟಿನ ಕತೆ ಗೊತ್ತುಂಟಲ್ಲ, ಅಡಿಕೆ ಮರದ ಸೋಗೆ ಒಂದು ತಂತಿಯ ಮೇಲೆ ಬಿದ್ದರೆ ಆಯಿತು. ಮುಕ್ಕಾಲು ಹೋದಾಗ ಕರೆಂಟು ಹೋಗುವುದು, ಬಂದ ಮೇಲೆ ಆ ಫೈಲು ಮೊದಲಿನಿಂದ. ಒಂದು ಪ್ರಸಂಗವನ್ನಂತೂ ಐದು ಸಲ ಕಳಿಸಿದೆ.

ಅರ್ಧಕ್ಕೆ ನಿಂತ ತುಂಡುಗಳು ಎಲ್ಲಿ ಹೋದವು? ಎಲ್ಲಿಗೂ ಹೋಗಿಲ್ಲ. ಬಕೆಟಿನ ಪಟ್ಟಿಯಲ್ಲಿ ಕಾಣುವುದಿಲ್ಲ, ಬಾಡಿಗೆ ಮಾತ್ರ ನಡೆಯುತ್ತದೆ. ‘ಪೂರ್ಣವಾಗದ ಅಪ್‌ಲೋಡ್ 7 ದಿನಕ್ಕೆ ತೆಗೆ’ ಎಂಬ ಇನ್ನೊಂದು ನಿಯಮ ಹಾಕಬೇಕು. ವರ್ಷನಿಂಗ್ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ಮೊದಲ ದಿನವೇ ಹಾಕಿಬಿಡಿ.

ಮುಂಬಯಿಯಲ್ಲಿ ಸಾದಾ ದರ ಜಿಬಿಗೆ ತಿಂಗಳಿಗೆ 2.5 ಸೆಂಟು. 20 ಜಿಬಿಗೆ ಅರ್ಧ ಡಾಲರು, ಮೇಲೆ 18 ಶೇಕಡಾ ಜಿಎಸ್‌ಟಿ. ಚಾ ಮತ್ತು ಒಂದು ಪ್ಲೇಟು ಗೋಳಿಬಜೆಯ ದುಡ್ಡು. ಆದರೂ ಒಂದು ಬೆಳಗ್ಗೆ ನೋಡಿದರೆ 20 ಇದ್ದದ್ದು 26 ಆಗಿತ್ತು. ಹಿಂದಿನ ದಿನ ಸೈಟನ್ನು ಹೊಸ ಸರ್ವರಿಗೆ ಸಾಗಿಸಿದ್ದೆ. ಫೋಟೋ ಫೋಲ್ಡರನ್ನು ಕಾಪಿ ಮಾಡುವಾಗ ಫೈಲುಗಳ ತಾರೀಕು ಬದಲಾಗಿತ್ತು. ಡೇಟಾಬೇಸಿಗೆ ಚೆಕ್‌ಸಮ್ ಆಯ್ಕೆ ಹಾಕಿದವನು ಫೋಟೋಗಳಿಗೆ ಹಾಕಿರಲಿಲ್ಲ. ಆರ್‌ಕ್ಲೋನ್ ತಾರೀಕು ನೋಡಿತು, ಬೇರೆ ಕಂಡಿತು. ಒಳಗಿನ ಸರಕು ಅದೇ ಆದರೂ ತಾರೀಕು ಸರಿಪಡಿಸಲು ಅಲ್ಲೇ ಬಕೆಟಿನೊಳಗೆ ಪ್ರತಿಯೊಂದನ್ನೂ ತನ್ನ ಮೇಲೆಯೇ ನಕಲು ಮಾಡಿತು. ನಕಲೆಂದರೆ ಹೊಸ ವರ್ಷನ್. ವರ್ಷನ್ ಎಂದರೆ ಬದಲಾದಷ್ಟೇ ಅಲ್ಲ, ಇಡೀ ಫೈಲು, ಇಡೀ ಬಾಡಿಗೆ. ಚೆಕ್‌ಸಮ್ ಎಲ್ಲ ಕಡೆಗೂ ಹಾಕಿದೆ.

ಹಳೆ ವರ್ಷನ್‌ಗಳನ್ನು ಅಗ್ಗದ ದರ್ಜೆಗೆ ಸರಿಸುವ ಯೋಚನೆಯೂ ಬಂತು. ಅಲ್ಲಿ 128 ಕೆಬಿಗಿಂತ ಚಿಕ್ಕ ಫೈಲಿಗೂ 128ರ ಲೆಕ್ಕ, 30 ದಿನದ ಕನಿಷ್ಠ ಬಾಡಿಗೆ. ನನ್ನ ಹನ್ನೆರಡರಲ್ಲಿ ಎಂಟು ಟೇಬಲ್ ಅದಕ್ಕಿಂತ ಚಿಕ್ಕವು. ಬೇಡ ಅಂತ ಬಿಟ್ಟೆ.

ಜುಲೈ 25, ರಾತ್ರಿ

ಪತ್ತನಾಜೆ (ಮೇ ಕೊನೆಯ ಹೊತ್ತಿಗೆ ಬರುವ, ತಿರುಗಾಟ ಮುಗಿಯುವ ದಿನ) ಕಳೆದರೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ನಮ್ಮ ಸೈಟೂ ಮಲಗುತ್ತದೆ. ಜೂನ್ ಮಧ್ಯದ ಮೇಲೆ ಲೇಖನ ಬರುವುದೇ ಅಪರೂಪ. ಬಕೆಟಿನಲ್ಲಿ ಹೊಸ ವರ್ಷನ್ ಬಾರದಿದ್ದರೆ ನನಗೆ ಸಂಶಯ ಬರಲಿಲ್ಲ. ಆಟಿಯ ಮಳೆ ತಿಂಗಳಲ್ಲಿ ಯಾರು ಬರೆಯುತ್ತಾರೆ?

ರಾತ್ರಿ ಒಂಬತ್ತಕ್ಕೆ ಮಾಷ್ಟ್ರ ಫೋನು. ಸ್ವರ ಇಳಿದಿತ್ತು. ತೀರಿಕೊಂಡ ಹಿರಿಯ ಅರ್ಥಧಾರಿಯೊಬ್ಬರ ಬಗ್ಗೆ ನಾಲ್ಕು ಸಾಲು ಸೇರಿಸಲು ಹೋಗಿ, ಕಲಾವಿದರ ಪಟ್ಟಿಯ ಪುಟವನ್ನೇ ತೆರೆದು, ಇದ್ದದ್ದನ್ನೆಲ್ಲ ಆರಿಸಿ ಅದರ ಮೇಲೆ ಪೇಸ್ಟ್ ಮಾಡಿ, ಅಪ್‌ಡೇಟ್ ಒತ್ತಿದ್ದರು.

“ಪಟ್ಟಿ ಹೋಯ್ತು ಮಾರಾಯ. ಮುನ್ನೂರು ಹೆಸರು.”

“ಹೋಗ್ಲಿಲ್ಲ ಮಾಷ್ಟ್ರೇ, ಉಂಟು. ಒಂದು ಗಂಟೆ ಕೊಡಿ.”

ಇಷ್ಟು ಧೈರ್ಯದಲ್ಲಿ ಹೇಳಿದ್ದು ಬಕೆಟನ್ನು ನಂಬಿ. ವರ್ಡ್‌ಪ್ರೆಸ್‌ನ ಸ್ವಂತ ರಿವಿಶನ್‌ಗಳು (ಪುಟದ ಹಿಂದಿನ ರೂಪಗಳು) ಇದ್ದಿದ್ದರೆ ಎರಡು ನಿಮಿಷದ ಕೆಲಸ. ಡೇಟಾಬೇಸ್ ದಪ್ಪ ಆಗುತ್ತದೆ ಅಂತ ನಾನೇ ಹಿಂದೊಮ್ಮೆ ಅದನ್ನು ನಿಲ್ಲಿಸಿದ್ದೆ.

ಬಕೆಟ್ ತೆರೆದೆ. ಹನ್ನೆರಡು ಫೈಲು ಒಂದರ ಕೆಳಗೊಂದು. ಗಾತ್ರದ ಸಾಲಿನಲ್ಲಿ: 20, 20, 20, 20. ಕೆಳಗಿನವರೆಗೂ 20. ಕೆಬಿ ಅಲ್ಲ, ಬೈಟು.

ಅದು ಏನೆಂದು ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಖಾಲಿಯನ್ನು ಜಿಝಿಪ್ ಮಾಡಿದರೆ ಬರುವ ಫೈಲು ಸರಿಯಾಗಿ 20 ಬೈಟು: ತಲೆಗೆ ಹತ್ತು, ಖಾಲಿ ಹೊಟ್ಟೆಗೆ ಎರಡು, ಬಾಲಕ್ಕೆ ಎಂಟು. ಜುಲೈ 1ರ ಸಂಜೆ ಡೇಟಾಬೇಸಿನ ಪಾಸ್‌ವರ್ಡ್ ಬದಲಿಸಿದ್ದೆ. ಸೈಟಿಗೆ ಹೊಸದನ್ನು ಕೊಟ್ಟೆ, ಬ್ಯಾಕಪ್ ಸ್ಕ್ರಿಪ್ಟಿಗೆ ಕೊಡಲು ಮರೆತೆ. ಅಂದು ರಾತ್ರಿ ಡಂಪ್ ಬಾಗಿಲಲ್ಲೇ ಬಿದ್ದಿತು. ಆದರೆ ನನ್ನ ಸ್ಕ್ರಿಪ್ಟಿನಲ್ಲಿ ಡಂಪ್ ಬರೆದದ್ದು ನೇರ ಜಿಝಿಪ್‌ಗೆ ಹೋಗುವ ಪೈಪು. ಪೈಪಿನಲ್ಲಿ ಶೆಲ್ (ಸ್ಕ್ರಿಪ್ಟನ್ನು ಓಡಿಸುವ ಪ್ರೋಗ್ರಾಂ) ಕೇಳುವುದು ಕೊನೆಯವನ ಮಾತನ್ನು ಮಾತ್ರ. ಜಿಝಿಪ್ ಖಾಲಿಯನ್ನು ಚೆಂದಕ್ಕೆ ಕಟ್ಟಿ ‘ನನ್ನದು ಆಯಿತು’ ಎಂದಿತು, ಆರ್‌ಕ್ಲೋನ್ ಅದನ್ನು ಹೊತ್ತುಕೊಂಡು ಹೋಯಿತು. ಎರಡನೆಯ ರಾತ್ರಿ ಅದೇ ಇಪ್ಪತ್ತು ಬೈಟು, ಸಮಯದ ಗುರುತೂ ಇಲ್ಲ, ಬೈಟಿಗೆ ಬೈಟು ನಿನ್ನೆಯದೇ. ಚೆಕ್‌ಸಮ್ ಸರಿ, ದಾಟಿ ಹೋಯಿತು. ನಾನು ಮೆಚ್ಚಿಕೊಂಡ ಉಪಾಯವೇ ನನ್ನ ಕಣ್ಣಿಗೆ ಮಣ್ಣೆರಚಿದ್ದು. ದಿನವೂ ಗೀಚಿಕೊಳ್ಳುವ ಆಪ್ಶನ್ಸ್ ಟೇಬಲ್ ಕೂಡ ಮೂರು ವಾರ ಸುಮ್ಮನಿದ್ದದ್ದು ಗಮನಕ್ಕೆ ಬರಬೇಕಿತ್ತು. ಬರಲಿಲ್ಲ. ತಪ್ಪಿನ ಸಂದೇಶ ಕ್ರಾನ್‌ನಿಂದ ಪ್ರತಿರಾತ್ರಿ ಒಂದು ಮೇಲ್‌ಬಾಕ್ಸಿಗೆ ಹೋಗುತ್ತಿತ್ತು. ಆ ಮೇಲ್‌ಬಾಕ್ಸ್ ಇದೆಯೆಂಬುದನ್ನೇ ಮರೆತು ವರ್ಷಗಳಾಗಿದ್ದವು.

ಆರ್‌ಕ್ಲೋನಿಗೆ ಹಳೆ ವರ್ಷನ್‌ಗಳನ್ನೂ ತೋರಿಸು ಎಂದೆ. ಪೋಸ್ಟ್ಸ್ ಫೈಲಿನ ಹೆಸರಿಗೆ ತಾರೀಕಿನ ಬಾಲ ಹಚ್ಚಿಕೊಂಡು ಇಪ್ಪತ್ತು ಬೈಟಿನ ಕೆಳಗೆ ಒಂದು ಸಾಲು ಬಂತು: ಜೂನ್ 19, ಹತ್ತೊಂಬತ್ತು ಲಕ್ಷ ಚಿಲ್ಲರೆ ಬೈಟು. ಕುರ್ಚಿಗೆ ಒರಗಿ ಉಸಿರು ಬಿಟ್ಟೆ.

ಬಿಟ್ಟ ಉಸಿರು ಮತ್ತೆ ಸಿಕ್ಕಿಕೊಂಡದ್ದು ಲೆಕ್ಕ ಹಾಕಿದಾಗ. ಜೂನ್ 19ರ ವರ್ಷನ್‌ಗೆ 30 ದಿನದ ನಿಯಮ ಎಂದರೆ ಜುಲೈ 19ಕ್ಕೇ ಹೋಗಿರಬೇಕಿತ್ತಲ್ಲ, ಹೇಗೆ ಉಳಿಯಿತು? ಎಸ್3 ಆ ದಿನಗಳನ್ನು ಎಣಿಸುವುದು ಫೈಲು ಹುಟ್ಟಿದ ದಿನದಿಂದಲ್ಲ, ಮೇಲೆ ಇನ್ನೊಂದು ಬಂದು ಕೂತ ಕ್ಷಣದಿಂದ. ಮೇಲೆ ಇಪ್ಪತ್ತು ಬೈಟು ಬಂದು ಕೂತದ್ದು ಜುಲೈ 1ರ 21:00 ಯುಟಿಸಿಗೆ. ಅಲ್ಲಿಂದ 30 ದಿನ, ಮುಂದಿನ ಯುಟಿಸಿ ಮಧ್ಯರಾತ್ರಿಗೆ ಸರಿಸಿ ಲೆಕ್ಕ. ಅಂದರೆ ಆಗಸ್ಟ್ 1, ನಮ್ಮ ಗಡಿಯಾರದಲ್ಲಿ ಬೆಳಗ್ಗೆ 5:30. ಮಾಷ್ಟ್ರು ಈ ಎಡವಟ್ಟನ್ನು ಒಂದು ವಾರ ತಡವಾಗಿ ಮಾಡಿದ್ದರೆ ಇಪ್ಪತ್ತು ಬೈಟಿನ ಕೆಳಗೆ ಏನೂ ಇರುತ್ತಿರಲಿಲ್ಲ.

ಫೈಲು ಇಳಿಸಿ, ಬಿಚ್ಚಿ, ಒಳಗೆ ‘ಪಾರ್ತಿಸುಬ್ಬ’ ಎಂದು ಹುಡುಕಿದೆ. ಕುಂಬಳೆಯ ಕವಿಯ ಹೆಸರಿಂದಲೇ ಪಟ್ಟಿ ಸುರುವಾಗುವುದು. ಸಿಗಲಿಲ್ಲ. ತೆರೆದು ನೋಡಿದರೆ ಕನ್ನಡವೇ ಇಲ್ಲ. ತಲೆಗೆ ಓರೆ ಗೆರೆ ಹೊತ್ತ ಇಂಗ್ಲಿಷ್ ಎ, ಅದರ ಹೆಗಲಿಗೆ ಪುಟ್ಟ 2 ಅಥವಾ ಪುಟ್ಟ 3, ಇನ್ನೇನೋ ಒಂದು ಚುಕ್ಕಿ. ಮತ್ತೆ ಎ, ಮತ್ತೆ 2. ಪುಟಗಟ್ಟಲೆ ಇದೇ.

ಈ ಎ ಮತ್ತು 2ರ ಗುರುತು ಹಿಡಿಯಲು ಕಲಿತರೆ ಒಳ್ಳೆಯದು. ಕನ್ನಡದ ಪ್ರತಿ ಅಕ್ಷರವೂ ಪ್ರತಿ ಗುರುತೂ ಯುಟಿಎಫ್-8 ಎಂಬ ಯೂನಿಕೋಡ್ ಬರೆಯುವ ಕ್ರಮದಲ್ಲಿ ಮೂರು ಮೂರು ಬೈಟು. ಆ ಮೂರನ್ನು ಲ್ಯಾಟಿನ್1 (ಒಂದು ಅಕ್ಷರಕ್ಕೆ ಒಂದೇ ಬೈಟಿನ ಹಳೆ ಕ್ರಮ) ಎಂದು ತಪ್ಪಾಗಿ ಓದಿದರೆ ಮೊದಲ ಬೈಟು ಯಾವಾಗಲೂ ಆ ಗೆರೆ ಹೊತ್ತ ಎ. ವ್ಯಂಜನ, ಸ್ವರ, ಆಕಾರದ ಇಳಿ, ಗುಡಿಸು ಆದರೆ ಎರಡನೆಯದು 2. ಉಕಾರ, ಏತ್ವ, ಅರ್ಧಾಕ್ಷರದ ಗುರುತು ಇತ್ಯಾದಿ ಆದರೆ 3. ಅಂದರೆ ಅಕ್ಷರ ಹಾಳಾಗಿಲ್ಲ, ಎರಡು ಸಲ ಪೊಟ್ಟಣ ಕಟ್ಟಿದೆ. ಕಾರಣ ನನ್ನದೇ ಹಳೆ ಪಾಪ: ವರ್ಷಗಳ ಹಿಂದೆ ಸೈಟು ಸಾಗಿಸುವಾಗ ಕನ್ನಡವೆಲ್ಲ ಪ್ರಶ್ನೆ ಚಿಹ್ನೆ ಆಗಿ, ಯಾರೋ ಹೇಳಿದರೆಂದು ವರ್ಡ್‌ಪ್ರೆಸ್‌ನ ಕಾನ್ಫಿಗ್ ಫೈಲಿನಲ್ಲಿ ಚಾರ್‌ಸೆಟ್ ಸಾಲು ಖಾಲಿ ಬಿಟ್ಟಿದ್ದೆ. ಟೇಬಲ್ ತನ್ನನ್ನು ಲ್ಯಾಟಿನ್1 ಎಂದುಕೊಂಡಿದೆ, ಒಳಗಿರುವುದು ಯುಟಿಎಫ್-8. ಸೈಟು ಹಾಕುವಾಗಲೂ ತೆಗೆಯುವಾಗಲೂ ಒಂದೇ ತಪ್ಪು ಮಾಡುವುದರಿಂದ ಪರದೆಯಲ್ಲಿ ಸರಿ ಕಾಣುತ್ತದೆ. ಡಂಪ್ ಮಾತ್ರ ಪ್ರಾಮಾಣಿಕವಾಗಿ ಲ್ಯಾಟಿನ್1ನಿಂದ ಯುಟಿಎಫ್-8ಕ್ಕೆ ಇನ್ನೊಮ್ಮೆ ಪರಿವರ್ತಿಸಿತು.

ಒಂದು ಪೊಟ್ಟಣ ಬಿಚ್ಚಿದರೆ ಆಯಿತಲ್ಲ ಅಂತ ಅಕ್ಷರದ ಕ್ರಮ ಬದಲಿಸುವ ಐಕಾನ್ವ್ ಓಡಿಸಿದೆ, ಯುಟಿಎಫ್-8ರಿಂದ ವಿಂಡೋಸ್ 1252ಕ್ಕೆ. ಮೈಎಸ್‌ಕ್ಯೂಎಲ್‌ನ ಲ್ಯಾಟಿನ್1 ಅಂದರೆ ಅದೇ. ಮೊದಲ ಹೆಸರಿನಲ್ಲೇ ನಿಂತಿತು. 1252ರಲ್ಲಿ ಐದು ಮನೆ ಖಾಲಿ, ಅಂದರೆ ಆ ಐದು ಬೈಟಿಗೆ ಅಕ್ಷರವೇ ಇಲ್ಲ. ಕನ್ನಡದ ಅರ್ಧಾಕ್ಷರದ ಗುರುತಿನ ಮೂರನೆಯ ಬೈಟು ಅಂಥ ಒಂದು ಖಾಲಿ ಮನೆಗೇ ಬೀಳುತ್ತದೆ, ಉಕಾರದ ಬೈಟು ಇನ್ನೊಂದಕ್ಕೆ. ಏ, ಐ, ಝ ಉಳಿದ ಮೂರಕ್ಕೆ. ಒತ್ತಕ್ಷರವೂ ಉಕಾರವೂ ಇಲ್ಲದ ಕನ್ನಡ ವಾಕ್ಯ ಎಲ್ಲಿ ಸಿಗಬೇಕು? ‘ಪಾರ್ತಿಸುಬ್ಬ’ ಒಂದರಲ್ಲೇ ಮೂರು ಕಡೆ ಮುಗ್ಗರಿಸುತ್ತದೆ: ರ್, ಸು, ಬ್.

ಮೈಎಸ್‌ಕ್ಯೂಎಲ್ ಮಾತ್ರ ಆ ಐದು ಮನೆಗಳಿಗೂ ತನ್ನದೇ ನಂಬರ್ ಕೊಟ್ಟುಕೊಂಡಿದೆ. ಹಾಗಾಗಿ ಪೊಟ್ಟಣ ಕಟ್ಟಿದವನ ಕೈಯಲ್ಲೇ ಬಿಚ್ಚಿಸಬೇಕು. ಅಂಗಡಿಯ ಕಂಪ್ಯೂಟರಿನಲ್ಲಿ ಖಾಲಿ ಡೇಟಾಬೇಸ್ ಮಾಡಿ ಫೈಲನ್ನು ಇದ್ದ ಹಾಗೆ ಒಳಗೆ ಹಾಕಿದೆ, ಟೇಬಲ್ ಲ್ಯಾಟಿನ್1 ಆದ್ದರಿಂದ ಹೊರಗಿನ ಪೊಟ್ಟಣ ತಾನೇ ಬಿಚ್ಚಿತು. ಮತ್ತೆ ಅಲ್ಲಿಂದ ಚಾರ್‌ಸೆಟ್ ಲ್ಯಾಟಿನ್1 ಎಂದು ಹೇಳಿ ಡಂಪ್ ತೆಗೆದೆ. ತೆರೆದರೆ ಕನ್ನಡ. ಇಡೀ ಡೇಟಾಬೇಸ್ ಹಿಂದಕ್ಕೆ ಹಾಕುವ ಅಗತ್ಯ ಇರಲಿಲ್ಲ. ಆ ಒಂದು ಪುಟದ ಸರಕನ್ನು ಎತ್ತಿ ಸೈಟಿನ ಎಡಿಟರಿನಲ್ಲಿ ಹಾಕಿ ಅಪ್‌ಡೇಟ್ ಒತ್ತುವಾಗ ಹನ್ನೆರಡು ಗಂಟೆಗೆ ಹತ್ತು ನಿಮಿಷ ಇತ್ತು. ಒಂದು ಗಂಟೆ ಎಂದದ್ದು ಮೂರು ಗಂಟೆ ಆಗಿತ್ತು. ಮಾಷ್ಟ್ರು ಮಲಗಿರಲಿಲ್ಲ.

ಮರುದಿನ ಬದಲಿಸಿದ್ದು

ಪಾಸ್‌ವರ್ಡ್ ಸರಿ ಮಾಡಿದ್ದನ್ನು ಬೇರೆ ಹೇಳಬೇಕಿಲ್ಲ. ಸ್ಕ್ರಿಪ್ಟಿನ ತಲೆಯಲ್ಲಿ ‘ಪೈಪ್‌ಫೇಲ್’ ಹಾಕಿದೆ, ಪೈಪಿನಲ್ಲಿ ಯಾರು ಬಿದ್ದರೂ ಶೆಲ್‌ಗೆ ಕೇಳುತ್ತದೆ. ಡಂಪ್ ಈಗ ಮೊದಲು ತಾತ್ಕಾಲಿಕ ಹೆಸರಿಗೆ ಬೀಳುತ್ತದೆ. ಅದನ್ನು ಬಿಚ್ಚಿ ಕೊನೆಯ ಸಾಲು ನೋಡುತ್ತದೆ: ‘ಡಂಪ್ ಮುಗಿಯಿತು’ ಎಂಬ ಟಿಪ್ಪಣಿ ಮೈಎಸ್‌ಕ್ಯೂಎಲ್‌ಡಂಪ್ ತಾನೇ ಬರೆಯುವುದು, ಅದಿಲ್ಲದಿದ್ದರೆ ಅರ್ಧಕ್ಕೆ ನಿಂತಿದೆ ಎಂದರ್ಥ. ಇದಾದ ಮೇಲೆ ಗಾತ್ರ ನೋಡುತ್ತದೆ, ನಿನ್ನೆಯ ಐದನೇ ಒಂದಂಶಕ್ಕಿಂತ ಹೆಚ್ಚು ಕುಗ್ಗಿದ್ದರೆ ಕಳಿಸುವುದಿಲ್ಲ. ಎಲ್ಲ ಸರಿಯಿದ್ದರೂ ಬೆಳಗ್ಗೆ ನನ್ನ ಟೆಲಿಗ್ರಾಮಿಗೆ ಹನ್ನೆರಡು ಸಂಖ್ಯೆ ಬರುತ್ತದೆ. ಬಾರದ ದಿನವೇ ಸುದ್ದಿ.

30 ದಿನದ ನಿಯಮ ಹೋಯಿತು. ನಮ್ಮ ಸೈಟಿನಲ್ಲಿ ತಪ್ಪು ಕಣ್ಣಿಗೆ ಬೀಳಲು ಎಷ್ಟು ದಿನ ಹಿಡಿಯುತ್ತದೆ ಅಂತ ಹಿಂದಿನದೆಲ್ಲ ನೆನಪು ಮಾಡಿಕೊಂಡೆ: ಹದಿನೇಳು ದಿನ, ಇಪ್ಪತ್ತೈದು ದಿನ, ಒಂದು ಸ್ಕ್ಯಾನಿನ ಪುಟ ತಲೆಕೆಳಗಾಗಿದ್ದದ್ದಂತೂ ಮುಂದಿನ ವಾರ್ಷಿಕೋತ್ಸವದವರೆಗೆ. ಈಗ ಡೇಟಾಬೇಸ್ ಫೋಲ್ಡರಿಗೆ 180 ದಿನ, ಜತೆಗೆ ಎಷ್ಟೇ ಹಳತಾದರೂ ಇತ್ತೀಚಿನ 20 ಹಳೆ ವರ್ಷನ್ ಇರಲಿ ಎಂಬ ಎರಡನೆಯ ಸಂಖ್ಯೆ. ಎರಡನ್ನೂ ಮೀರಿದ್ದು ಮಾತ್ರ ಹೋಗುತ್ತದೆ. ಮಳೆಗಾಲದಲ್ಲಿ ಮಲಗುವ ಟೇಬಲಿಗೆ ಬೇಕಾದದ್ದು ಆ ಎರಡನೆಯ ಸಂಖ್ಯೆಯೇ. ಫೋಟೋಗಳಿಗೆ 90 ದಿನ ಸಾಕು. ವರ್ಡ್‌ಪ್ರೆಸ್‌ನ ರಿವಿಶನ್ ಮತ್ತೆ ಚಾಲೂ, ಪುಟಕ್ಕೆ ಹತ್ತು.

ಟೇಬಲ್‌ಗಳನ್ನು ಲ್ಯಾಟಿನ್1ರಿಂದ ಬಿಡಿಸುವ ಕೆಲಸ ಬಾಕಿ ಇದೆ. ಅದನ್ನು ನಕಲಿನ ಮೇಲೆ ಒಂದು ಸಲ ಮಾಡಿ ನೋಡಿದೆ, ಎರಡು ಲೇಖನದ ಬಾಲ ಕತ್ತರಿಸಿತು. ಮೇಳ ಹೊರಡುವ ಮೊದಲು ಮುಗಿಸಬೇಕು.

ಬೆಳಗ್ಗೆ ಎಂಟಕ್ಕೇ ಮಾಷ್ಟ್ರು ಅಂಗಡಿಗೆ ಬಂದಿದ್ದರು, ಕೊಡೆ ಮಡಚದೆ ಬಾಗಿಲಲ್ಲೇ ನಿಂತು:

“ಪಟ್ಟಿಯಲ್ಲಿ ಒಬ್ಬರ ಹೆಸರಿಗೆ ದೀರ್ಘ ಬಿದ್ದಿಲ್ಲ ನೋಡು.”

“ಅದು ಮೊದಲೇ ಹಾಗೆ ಇತ್ತು ಮಾಷ್ಟ್ರೇ. ನಾನು ಇದ್ದದ್ದನ್ನು ಇದ್ದ ಹಾಗೆ ತಂದದ್ದು.”

“ಇದ್ದದ್ದೂ ತಪ್ಪೇ. ತಿದ್ದು.”

ತಿದ್ದಿದೆ. ಅಂದು ರಾತ್ರಿ ಎರಡೂವರೆಗೆ ಪೋಸ್ಟ್ಸ್ ಫೈಲಿಗೆ ಹೊಸ ವರ್ಷನ್ ಬಂತು: 19,87,412 ಬೈಟು.